ಹೋಟೆಲು, ಅಂಗಡಿಗಳಲ್ಲಿ ಹಿನ್ನೆಲೆ ಸಂಗೀತ: ಯಾವುದು, ಯಾವಾಗ, ಎಷ್ಟು ಜೋರಾಗಿ

ಹೋಟೆಲಿನಲ್ಲಿ ಯಾವ ಹಾಡು ಹಾಕಬೇಕೆಂದು ತೀರ್ಮಾನಿಸುವವರು ಸಾಮಾನ್ಯವಾಗಿ ಮಾಲೀಕರಲ್ಲ, ಗಲ್ಲಾದ ಮೇಲೆ ಕುಳಿತ ಹುಡುಗ. ಅವನ ಮೊಬೈಲು ಬ್ಲೂಟೂತ್ ಮೂಲಕ ಸ್ಪೀಕರಿಗೆ ಜೋಡಣೆಯಾಗಿರುತ್ತದೆ. ಬೆಳಗಿನ ಸುಪ್ರಭಾತ ಮುಗಿಯುತ್ತಿದ್ದಂತೆ ಅವನಿಗೆ ಇಷ್ಟವಾದ ಸಿನಿಮಾ ಹಾಡುಗಳು ಒಂದರ ಹಿಂದೊಂದು ಬರುತ್ತವೆ, ನಡುವೆ ಜಾಹೀರಾತು ನುಗ್ಗುತ್ತದೆ, ಅವನಿಗೆ ಯಾರಾದರೂ ಕರೆ ಮಾಡಿದರೆ ರಿಂಗ್‌ಟೋನ್ ಇಡೀ ಹಾಲಿಗೆ ಕೇಳಿಸುತ್ತದೆ. ಟೇಬಲ್ಲಿನ ಅಳತೆ, ದೀಪದ ಬೆಳಕು, ಗೋಡೆಯ ಬಣ್ಣ, ಸಾಂಬಾರಿನ ಹದ ಇವೆಲ್ಲದರ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ಗ್ರಾಹಕರ ಕಿವಿಗೆ ದಿನವಿಡೀ ಬೀಳುವ ಈ ಸದ್ದಿನ ಬಗ್ಗೆ ಮಾತ್ರ ಯೋಚಿಸುವುದೇ ಇಲ್ಲ. ನಾನೂ ಹಲವು ವರ್ಷ ಹಾಗೆಯೇ ಇದ್ದೆ. ಹದಿನಾಲ್ಕು ಟೇಬಲ್ಲಿನ ನಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ತಂದೆಯವರ ಕಾಲದಿಂದ ರೇಡಿಯೊ ಇತ್ತು, ಆಮೇಲೆ ಟೇಪ್ ರೆಕಾರ್ಡರ್ ಬಂತು, ಆಮೇಲೆ ಮೊಬೈಲು. ಸಾಧನ ಬದಲಾಯಿತೇ ಹೊರತು, ಹಾಡು ಏಕೆ ಹಾಕುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ.

ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ಹಿನ್ನೆಲೆ ಸಂಗೀತವು ಜನರ ನಡೆಯ ವೇಗವನ್ನು ಬದಲಿಸುತ್ತದೆ. ಅವರು ಎಷ್ಟು ನಿಧಾನವಾಗಿ ನಡೆಯುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಎಷ್ಟು ಬೇಗ ತುತ್ತೆತ್ತುತ್ತಾರೆ ಎಂಬುದರ ಮೇಲೆ ಅದರ ಹಿಡಿತವಿದೆ. ಆದ್ದರಿಂದ ಹಾಡಿನ ಪಟ್ಟಿ ಮಾಡುವುದಕ್ಕೂ ಮೊದಲು, ದಿನದ ಯಾವ ಹೊತ್ತಿನಲ್ಲಿ ನಿಮ್ಮ ಗ್ರಾಹಕರು ಯಾವ ವೇಗದಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಉಳಿದದ್ದು ಅದರ ಹಿಂದೆ ಬರುತ್ತದೆ.

ಮೊದಲು ವೇಗ

ಈ ವಿಷಯದಲ್ಲಿ ಇಂದಿಗೂ ಹೆಚ್ಚು ಉಲ್ಲೇಖಗೊಳ್ಳುವ ಎರಡು ಪ್ರಯೋಗಗಳು ಅಮೆರಿಕದ ರೊನಾಲ್ಡ್ ಮಿಲಿಮನ್ ಅವರವು. 1982ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಅವರು ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೆಲವು ದಿನ ನಿಮಿಷಕ್ಕೆ 72 ಅಥವಾ ಅದಕ್ಕಿಂತ ಕಡಿಮೆ ಬಡಿತಗಳ ನಿಧಾನ ಸಂಗೀತವನ್ನೂ, ಕೆಲವು ದಿನ 94 ಅಥವಾ ಅದಕ್ಕಿಂತ ಹೆಚ್ಚು ಬಡಿತಗಳ ಚುರುಕು ಸಂಗೀತವನ್ನೂ ಹಾಕಿಸಿದರು. ನಿಧಾನ ಸಂಗೀತವಿದ್ದ ದಿನಗಳಲ್ಲಿ ಜನ ಸಾಲುಗಳ ನಡುವೆ ನಿಧಾನವಾಗಿ ನಡೆದರು, ಮತ್ತು ವ್ಯಾಪಾರವು ಚುರುಕು ಸಂಗೀತದ ದಿನಗಳಿಗಿಂತ 38.2 ಶೇಕಡಾ ಹೆಚ್ಚಾಗಿತ್ತು. ನಿಧಾನವಾಗಿ ನಡೆಯುವವರ ಕಣ್ಣಿಗೆ ಹೆಚ್ಚು ಸಾಮಾನು ಬೀಳುತ್ತದೆ. ಕಣ್ಣಿಗೆ ಬಿದ್ದದ್ದು ಬುಟ್ಟಿಗೂ ಬೀಳುತ್ತದೆ. ಒಂದೇ ಅಂಗಡಿಯಲ್ಲಿ ಬಂದ ಈ ಅಂಕಿಯನ್ನು ನಮ್ಮ ಅಂಗಡಿಗೂ ಹಾಗೆಯೇ ಅನ್ವಯಿಸಿ ಲಾಭ ಎಣಿಸಲು ಕೂರಬಾರದು. ನಾವು ಗಮನಿಸಬೇಕಾದದ್ದು ಬದಲಾವಣೆ ಯಾವ ದಿಕ್ಕಿನಲ್ಲಿ ಆಯಿತು ಎಂಬುದನ್ನು.

ಎರಡನೆಯದು 1986ರದು, ಹೋಟೆಲಿನವರಿಗೆ ಇನ್ನೂ ಹತ್ತಿರದ್ದು. ಟೆಕ್ಸಾಸಿನ ಡಲ್ಲಾಸ್ ಪ್ರದೇಶದ ಒಂದು ರೆಸ್ಟೋರೆಂಟಿನಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ ಇದೇ ರೀತಿ ಸಂಗೀತವನ್ನು ಬದಲಿಸಿ ನೋಡಿದರು. ಚುರುಕು ಸಂಗೀತವಿದ್ದಾಗ ಜನ ಸರಾಸರಿ 45 ನಿಮಿಷದಲ್ಲಿ ಊಟ ಮುಗಿಸಿ ಎದ್ದರೆ, ನಿಧಾನ ಸಂಗೀತವಿದ್ದಾಗ 56 ನಿಮಿಷ ಕುಳಿತರು. ಊಟದ ಬಿಲ್ಲು ಎರಡೂ ರಾತ್ರಿ ಹೆಚ್ಚು ಕಡಿಮೆ ಒಂದೇ ಆಗಿತ್ತು. ಬಾರಿನ ಪಾನೀಯದ ಬಿಲ್ಲು ಮಾತ್ರ ಒಂದು ಗುಂಪಿಗೆ ಸುಮಾರು 21 ಡಾಲರಿನಿಂದ 30 ಡಾಲರಿಗೆ ಏರಿತು. ಅಂದರೆ ಹೆಚ್ಚು ಹೊತ್ತು ಕುಳಿತವರು ಹೆಚ್ಚು ತಿನ್ನಲಿಲ್ಲ, ಹೆಚ್ಚು ಕುಡಿದರು. ಅದೇ ಹೊತ್ತಿನಲ್ಲಿ ಟೇಬಲ್ಲಿಗಾಗಿ ಹೊರಗೆ ಕಾಯುತ್ತಿದ್ದವರ ಕಾಯುವಿಕೆಯೂ ಬೆಳೆಯಿತು. ಈ ಕೊನೆಯ ಅಂಶವನ್ನು ಬಹಳ ಜನ ಮರೆಯುತ್ತಾರೆ.

ನಮ್ಮ ಹೋಟೆಲಿನ ಲೆಕ್ಕಕ್ಕೆ ಇದನ್ನು ಇಳಿಸಿ ನೋಡೋಣ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ 180 ನಿಮಿಷಗಳಿವೆ. ಒಂದು ಟೇಬಲ್ಲು 45 ನಿಮಿಷಕ್ಕೊಮ್ಮೆ ಖಾಲಿಯಾದರೆ ನಾಲ್ಕು ಸಲ ತುಂಬುತ್ತದೆ, 56 ನಿಮಿಷ ಹಿಡಿದರೆ ಮೂರು ಸಲ ಪೂರ್ತಿ ತುಂಬಿ ನಾಲ್ಕನೆಯದಕ್ಕೆ ಹನ್ನೆರಡೇ ನಿಮಿಷ ಉಳಿಯುತ್ತದೆ. ಬಾಗಿಲಲ್ಲಿ ಜನ ಕಾಯುತ್ತಿದ್ದರೆ ಇದು ನೇರ ನಷ್ಟ, ಏಕೆಂದರೆ ಬಾರಿನ ಪಾನೀಯದ ಲಾಭ ನಮ್ಮಲ್ಲಿ ಇಲ್ಲ; ನಮ್ಮಲ್ಲಿರುವುದು ಒಂದು ಕಾಫಿ, ಹೆಚ್ಚೆಂದರೆ ಒಂದು ಐಸ್ ಕ್ರೀಮ್. ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಲೆಕ್ಕ ತಿರುಗುತ್ತದೆ: ಕುಳಿತವರು ಹತ್ತು ನಿಮಿಷ ಹೆಚ್ಚು ಕುಳಿತರೆ ನಮಗೆ ಹೋಗುವುದೇನೂ ಇಲ್ಲ, ಎರಡನೇ ಕಾಫಿ ಹೇಳಿದರೆ ಬರುವುದಿದೆ, ತುಂಬಿದಂತೆ ಕಾಣುವ ಹಾಲ್ ನೋಡಿ ರಸ್ತೆಯಲ್ಲಿ ಹೋಗುವವರೂ ಒಳಗೆ ಬರುತ್ತಾರೆ. ಹೀಗಾಗಿ ನಿಧಾನ ಸಂಗೀತ ಒಳ್ಳೆಯದೋ ಚುರುಕು ಸಂಗೀತ ಒಳ್ಳೆಯದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬಾಗಿಲಲ್ಲಿ ಕಾಯುವವರಿದ್ದಾರೆಯೇ ಎಂಬುದನ್ನು ನೋಡಿ ಉತ್ತರ ಹೇಳಬೇಕು.

ನಮ್ಮಲ್ಲಿ ಈಗ ದಿನವನ್ನು ಹೀಗೆ ಹಂಚಿಕೊಂಡಿದ್ದೇವೆ. ಬೆಳಗಿನ ತಿಂಡಿಯ ಹೊತ್ತು ಮತ್ತು ಮಧ್ಯಾಹ್ನದ ಊಟದ ಹೊತ್ತು ಮಧ್ಯಮ ಲಯಕ್ಕೆ, ಅದೂ ಮಾತಿಗೆ ಅಡ್ಡಬರದಷ್ಟು ಮೆಲ್ಲಗೆ. ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ, ಅಂದರೆ ಕಾಫಿ-ಬೋಂಡಾದ ಹೊತ್ತಿಗೆ, ವಿಳಂಬ ಲಯ, ಎಂದರೆ ನಿಧಾನ ಗತಿ. ರಾತ್ರಿ ಏಳೂವರೆಯವರೆಗೂ ಅದೇ ಮುಂದುವರಿಯುತ್ತದೆ, ಆಮೇಲೆ ಕುಟುಂಬಗಳು ಬಂದು ಹಾಲ್ ತುಂಬಿದಾಗ ಸ್ವಲ್ಪ ಚುರುಕಾಗುತ್ತದೆ. ನಿಧಾನದಿಂದ ಚುರುಕಿಗೆ ಒಮ್ಮೆಲೇ ಜಿಗಿಯಬಾರದು, ಮೂರು ನಾಲ್ಕು ಹಾಡುಗಳಲ್ಲಿ ಮೆಟ್ಟಿಲು ಹತ್ತಿದಂತೆ ಹತ್ತಬೇಕು. ಇಲ್ಲವಾದರೆ ‘ಬೇಗ ಏಳಿ’ ಎಂದು ಯಾರೋ ಬೆನ್ನು ತಟ್ಟಿದಂತೆ ಕುಳಿತವರಿಗೆ ಅನಿಸುತ್ತದೆ, ಮತ್ತು ಹಾಗೆ ಅನಿಸಿಸುವುದು ಮರ್ಯಾದೆಯಲ್ಲ.

ಹಾಡಿನ ವೇಗ ಅಳೆಯುವುದು ಕಷ್ಟವೇನಲ್ಲ. ಹಾಡು ಕೇಳುತ್ತಾ ತೊಡೆಯ ಮೇಲೆ ತಾಳ ಹಾಕಿ, 15 ಸೆಕೆಂಡಿನಲ್ಲಿ ಎಷ್ಟು ಏಟು ಬಿದ್ದವು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಹದಿನೆಂಟು ಬಿದ್ದರೆ 72, ಇಪ್ಪತ್ತನಾಲ್ಕು ಬಿದ್ದರೆ 96. ಕರ್ನಾಟಕ ಸಂಗೀತದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಪಲ್ಲವಿ ವಿಳಂಬದಲ್ಲಿ ಆರಂಭವಾದರೂ ಸ್ವರಪ್ರಸ್ತಾರಕ್ಕೆ ಬರುವಷ್ಟರಲ್ಲಿ ತಾಳ ಅದೇ ಇದ್ದು ಸ್ವರಗಳು ಎರಡು ಪಟ್ಟು, ನಾಲ್ಕು ಪಟ್ಟು ವೇಗಕ್ಕೆ ಏರುತ್ತವೆ, ಮೃದಂಗ ತನಿಯಾವರ್ತನಕ್ಕೆ (ಒಂಟಿಯಾಗಿ ನುಡಿಸುವುದಕ್ಕೆ) ನಿಂತರೆ ಊಟದ ಹಾಲಿನಲ್ಲಿ ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗಾಗುತ್ತದೆ. ಆದ್ದರಿಂದ ಕಚೇರಿಯ ಪೂರ್ತಿ ಧ್ವನಿಮುದ್ರಣವನ್ನು ಹಾಕುವ ಬದಲು ಐದಾರು ನಿಮಿಷದ ಬಿಡಿ ಕೃತಿಗಳನ್ನು ಆರಿಸಿ, ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿ, ಆಮೇಲೆ ಪಟ್ಟಿಗೆ ಸೇರಿಸಬೇಕು. ಈ ಕೆಲಸಕ್ಕೆ ನನಗೆ ಎರಡು ಭಾನುವಾರ ಹಿಡಿಯಿತು.

ಜಾಗಕ್ಕೆ ಒಪ್ಪುವ ಸಂಗೀತ

ಇಂಗ್ಲೆಂಡಿನ ಮನೋವಿಜ್ಞಾನಿ ಏಡ್ರಿಯನ್ ನಾರ್ತ್ ಮತ್ತು ಸಂಗಡಿಗರು ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಫ್ರೆಂಚ್ ಮತ್ತು ಜರ್ಮನ್ ವೈನುಗಳನ್ನು ಒಂದೇ ಕಪಾಟಿನಲ್ಲಿ ಇಟ್ಟು, ದಿನ ಬಿಟ್ಟು ದಿನ ಫ್ರೆಂಚ್ ಅಕಾರ್ಡಿಯನ್ ಸಂಗೀತವನ್ನೂ ಜರ್ಮನ್ ಬಿಯರ್ ಮನೆಗಳ ಸಂಗೀತವನ್ನೂ ಹಾಕಿದರು. ಇದು 1997ರಲ್ಲಿ ಪ್ರಕಟವಾಯಿತು. ಫ್ರೆಂಚ್ ಸಂಗೀತವಿದ್ದ ದಿನಗಳಲ್ಲಿ 40 ಬಾಟಲಿ ಫ್ರೆಂಚ್ ವೈನೂ ಕೇವಲ 8 ಬಾಟಲಿ ಜರ್ಮನ್ ವೈನೂ ಹೋದವು. ಜರ್ಮನ್ ಸಂಗೀತವಿದ್ದ ದಿನಗಳಲ್ಲಿ ತಕ್ಕಡಿ ಆ ಕಡೆ ವಾಲಿತು: 22 ಬಾಟಲಿ ಜರ್ಮನ್, 12 ಬಾಟಲಿ ಫ್ರೆಂಚ್. ಕೊಂಡವರನ್ನು ನಿಲ್ಲಿಸಿ ಕೇಳಿದಾಗ ಬಹುಪಾಲು ಜನ ತಮ್ಮ ಆಯ್ಕೆಗೂ ಸಂಗೀತಕ್ಕೂ ಸಂಬಂಧವಿಲ್ಲ ಎಂದರು.

ಇದರಿಂದ ವ್ಯಾಪಾರಸ್ಥರು ಕಲಿಯಬೇಕಾದದ್ದು ಎರಡು. ಏನು ಕೊಳ್ಳಬೇಕೆಂದು ಇನ್ನೂ ಗಟ್ಟಿಮಾಡಿಕೊಳ್ಳದೆ ಬಂದವರಿಗೆ ಸಂಗೀತವು ಒಂದು ಊರನ್ನೋ ಒಂದು ಸಂದರ್ಭವನ್ನೋ ನೆನಪಿಸಿ ಆ ಕಡೆಗೆ ಕೈ ಚಾಚುವಂತೆ ಮಾಡುತ್ತದೆ. ಇನ್ನೊಂದು, ‘ಹಾಡು ಹೇಗಿತ್ತು ಸಾರ್’ ಎಂದು ಗ್ರಾಹಕರನ್ನು ಕೇಳಿ ತೀರ್ಮಾನ ಮಾಡಲಾಗುವುದಿಲ್ಲ, ಏಕೆಂದರೆ ತಮ್ಮ ಮೇಲೆ ಆದ ಪರಿಣಾಮ ಅವರಿಗೇ ತಿಳಿದಿರುವುದಿಲ್ಲ. ಬಿಲ್ ಪುಸ್ತಕವನ್ನೂ ಗಡಿಯಾರವನ್ನೂ ನೋಡಿಯೇ ತಿಳಿಯಬೇಕು.

ಮದುವೆ ಜವಳಿಯ ಅಂಗಡಿಯನ್ನು ನೆನಪಿಸಿಕೊಳ್ಳಿ. ಏಳೆಂಟು ಜನರ ಕುಟುಂಬ ಬಿಳಿ ಹಾಸಿನ ಮುಂದೆ ಕುಳಿತಿದೆ, ಸೇಲ್ಸ್‌ಮನ್ ಒಂದರ ಮೇಲೊಂದು ಸೀರೆ ಬಿಚ್ಚುತ್ತಿದ್ದಾರೆ, ಮದುಮಗಳಿಗೆ ಮೆಚ್ಚಿಗೆಯಾದದ್ದು ಅತ್ತೆಗೆ ಒಪ್ಪಿಗೆಯಾಗಬೇಕು. ಅಲ್ಲಿ ಮೆಲ್ಲಗೆ ನಾಗಸ್ವರವೋ ವೀಣೆಯೋ ಕೇಳಿಸುತ್ತಿದ್ದರೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವವರ ಕಣ್ಣಿಗೆ ಮಂಟಪವೇ ಕಟ್ಟುತ್ತದೆ. ಅದೇ ನಾಗಸ್ವರವನ್ನು ಛತ್ರದಲ್ಲಿ ನುಡಿಸುವಷ್ಟು ಜೋರಾಗಿ ಹಾಕಿದರೆ ಅತ್ತೆ ಸೊಸೆಯರ ಮಾತು ಕಿರುಚಾಟವಾಗುತ್ತದೆ, ಬೇಗ ಎದ್ದು ಹೋದರೆ ಸಾಕೆನಿಸುತ್ತದೆ. 1966ರಷ್ಟು ಹಿಂದೆಯೇ ಸ್ಮಿತ್ ಮತ್ತು ಕರ್ನೋ ಎಂಬಿಬ್ಬರು ಸೂಪರ್ ಮಾರ್ಕೆಟ್ಟುಗಳಲ್ಲಿ ಕಂಡಿದ್ದೂ ಇದನ್ನೇ: ಸಂಗೀತ ಜೋರಾಗಿದ್ದಾಗ ಜನ ಕಡಿಮೆ ಹೊತ್ತು ಅಂಗಡಿಯಲ್ಲಿದ್ದರು. ಆದರೂ ಅಲ್ಲಿ ವ್ಯಾಪಾರ ತಗ್ಗಲಿಲ್ಲ; ಬೇಕಾದ ಸಾಮಾನಿನ ಚೀಟಿ ಹಿಡಿದು ಬಂದವರು ಬೇಗ ಬೇಗ ಕೊಂಡು ಹೋಗಿರಬಹುದು. ಮದುವೆ ಸೀರೆಯನ್ನು ಯಾರೂ ಹಾಗೆ ಕೊಳ್ಳುವುದಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಿದರೆ ಬಿಲ್ಲು ಏರುತ್ತದೆ ಎಂಬ ಮಾತು ಈಗ ನಮ್ಮ ಒಳಾಂಗಣ ವಿನ್ಯಾಸಕಾರರ ಬಾಯಲ್ಲೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲದಿಲ್ಲ. 1993ರ ಒಂದು ಅಧ್ಯಯನದಲ್ಲಿ ವೈನ್ ಅಂಗಡಿಯ ಗಿರಾಕಿಗಳು ಶಾಸ್ತ್ರೀಯ ಸಂಗೀತವಿದ್ದಾಗ ಹೆಚ್ಚು ಬಾಟಲಿಗಳನ್ನಲ್ಲ, ಹೆಚ್ಚು ಬೆಲೆಯ ಬಾಟಲಿಗಳನ್ನು ಕೊಂಡರು. 2003ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಇಂಗ್ಲೆಂಡಿನ ಒಂದು ರೆಸ್ಟೋರೆಂಟಿನ ಅತಿಥಿಗಳು ಶಾಸ್ತ್ರೀಯ ಸಂಗೀತದ ಸಂಜೆಗಳಲ್ಲಿ ತಲಾ 32 ಪೌಂಡಿಗಿಂತ ಹೆಚ್ಚು ಖರ್ಚು ಮಾಡಿದರೆ, ಪಾಪ್ ಸಂಗೀತದ ಸಂಜೆಗಳಲ್ಲೂ ಸಂಗೀತವೇ ಇಲ್ಲದ ಸಂಜೆಗಳಲ್ಲೂ 30 ಪೌಂಡಿಗಿಂತ ಕಡಿಮೆ ಖರ್ಚು ಮಾಡಿದರು. ಆದರೆ ಅದು ಆ ನಾಡಿನವರ ಕಿವಿಗೆ ಸಿರಿವಂತಿಕೆಯ ಗುರುತಾಗಿರುವ ಸಂಗೀತ, ಆ ಜಾಗವೂ ಅದಕ್ಕೆ ಒಪ್ಪುವಂಥದ್ದು. ಹುಬ್ಬಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಮುಂದೆ ಕುಳಿತವರಿಗೆ ಪಿಯಾನೊ ಕೇಳಿಸಿದರೆ ಅವರ ಕೈ ಹೆಚ್ಚು ಬಿಚ್ಚುತ್ತದೆ ಎಂದು ನಾನು ನಂಬುವುದಿಲ್ಲ. ಅಲ್ಲಿ ಆ ಭಾಗದ ಹಿಂದೂಸ್ತಾನಿ ಗಾಯಕರ ಧ್ವನಿಯಿದೆ, ತತ್ವಪದಗಳಿವೆ. ಕರಾವಳಿಯವರಿಗೆ, ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರ ನಾದವಿದೆ. ಬೆಳಗಿಗೆ ಬೌಳಿ, ಭೂಪಾಳ, ಮಲಯಮಾರುತ ಎಂದು ನಮ್ಮ ಹಿರಿಯರೇ ಹೊತ್ತಿಗೊಂದು ರಾಗವನ್ನು ಗುರುತಿಸಿ ಇಟ್ಟಿದ್ದಾರೆ. ಇಷ್ಟೆಲ್ಲ ಮನೆಯಲ್ಲೇ ಇರುವಾಗ ಹುಡುಕಾಟವನ್ನು ಇಲ್ಲಿಂದಲೇ ಆರಂಭಿಸುವುದು ಸರಿ.

ಸಾಹಿತ್ಯವಿರುವ ಹಾಡಿಗಿಂತ ವಾದ್ಯಸಂಗೀತ ಹಿನ್ನೆಲೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ. ಗೊತ್ತಿರುವ ಭಾವಗೀತೆಯ ಮೊದಲ ಸಾಲು ಬಂದ ಕೂಡಲೇ ಮಾತಾಡುತ್ತಿದ್ದವರು ನಿಲ್ಲಿಸಿ ಅದರ ಕಡೆ ಕಿವಿ ಕೊಡುತ್ತಾರೆ, ಕೆಲವರು ಗುನುಗುತ್ತಾರೆ. ಅದು ಹಾಡಿನ ಹೆಚ್ಚುಗಾರಿಕೆಯೇ ಸರಿ, ಆದರೆ ಆಗ ಅದು ಹಿನ್ನೆಲೆಯಾಗಿ ಉಳಿಯುವುದಿಲ್ಲ.

ಎಷ್ಟು ಜೋರು

ಇಡೀ ವಿಷಯದಲ್ಲಿ ನಾವು ಅತಿ ಹೆಚ್ಚು ತಪ್ಪುವುದು ಇಲ್ಲಿ. ನಾನು ತಪ್ಪಿದ್ದೂ ಇಲ್ಲಿಯೇ. ನಮ್ಮ ಹಾಲಿನಲ್ಲಿ ಮೊದಲು ಒಂದೇ ದೊಡ್ಡ ಸ್ಪೀಕರ್ ಇತ್ತು, ನಾಲ್ಕನೇ ಟೇಬಲ್ಲಿನ ಮೇಲಿನ ಗೋಡೆಯಲ್ಲಿ. ಒಂದು ಸಂಜೆ ಅಲ್ಲಿ ವಯಸ್ಸಾದ ದಂಪತಿ ಕುಳಿತಿದ್ದರು. ಯಜಮಾನರ ಎಡಗಿವಿಯಲ್ಲಿ ಶ್ರವಣಯಂತ್ರವಿತ್ತು. ಅವರ ಹೆಂಡತಿ ಏನೋ ಹೇಳಿದರು, ಅವರು ಕೈಯನ್ನು ಕಿವಿಗೆ ಆನಿಸಿ ಮುಂದಕ್ಕೆ ಬಾಗಿದರು, ಆಕೆ ಮತ್ತೆ ಹೇಳಿದರು, ಇವರು ಮತ್ತೆ ಬಾಗಿದರು. ಮೂರನೆಯ ಸಲ ಆಕೆ ಕೈಯಾಡಿಸಿ ಸುಮ್ಮನಾದರು. ಆಮೇಲೆ ಯಜಮಾನರು ಮೆಲ್ಲನೆ ಕೈಯೆತ್ತಿ ಶ್ರವಣಯಂತ್ರವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಇಬ್ಬರೂ ತಟ್ಟೆ ನೋಡುತ್ತಾ ಊಟ ಮುಗಿಸಿದರು. ಹೊರಡುವಾಗ ಬಿಲ್ಲು ಕೊಡುತ್ತಾ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ಊಟ ಚೆನ್ನಾಗಿತ್ತಪ್ಪ, ಮಾತಾಡೋಕೆ ಆಗ್ಲಿಲ್ಲ ಅಷ್ಟೇ.’ ಹೋಟೆಲಿಗೆ ಜನ ಬರುವುದು ತಿನ್ನುವುದಕ್ಕೆ ಮಾತ್ರವಲ್ಲ, ಜೊತೆಗೆ ಕೂರುವುದಕ್ಕೆ. ಅವರಿಂದ ಆ ಸಂಜೆಯನ್ನು ಕಿತ್ತುಕೊಂಡದ್ದು ನಾನು.

ಜೋರು ಹೇಗೆ ಏರುತ್ತದೆ ಎಂಬುದನ್ನು ಆಮೇಲೆ ಗಮನಿಸಿದೆ. ಬೆಳಿಗ್ಗೆ ಮೆಲ್ಲಗಿರುತ್ತದೆ. ಗ್ರೈಂಡರ್ ಶುರುವಾದಾಗ ಯಾರೋ ಸ್ವಲ್ಪ ಏರಿಸುತ್ತಾರೆ, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಇನ್ನೂ ಸ್ವಲ್ಪ, ಜನ ತುಂಬಿದಾಗ ಮತ್ತೂ ಸ್ವಲ್ಪ. ಅವೆಲ್ಲ ನಿಂತ ಮೇಲೆ ಇಳಿಸುವವರು ಯಾರೂ ಇಲ್ಲ. ಸದ್ದಿನ ನಡುವೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸಿ ಮಾತಾಡುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲೇ ದಾಖಲಿಸಿದ್ದಾರೆ. ಹಾಡು ಏರಿದರೆ ಮಾತು ಏರುತ್ತದೆ, ಮಾತು ಏರಿದರೆ ಹಾಡು ಕೇಳಿಸುವುದಿಲ್ಲವೆಂದು ಮತ್ತೆ ಹಾಡನ್ನು ಏರಿಸುತ್ತಾರೆ, ಕೊನೆಗೆ ಎರಡೂ ಕೇಳಿಸುವುದಿಲ್ಲ.

ಸದ್ದಿನ ಅಳತೆಯ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಒಂದು ಮೀಟರ್ ದೂರದಿಂದ ಕೇಳುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚು ಕಡಿಮೆ ಇಮ್ಮಡಿಯಾದಂತೆ ಕೇಳಿಸುತ್ತದೆ. ಆದ್ದರಿಂದ ಹಿನ್ನೆಲೆ ಸಂಗೀತ 55ರ ಆಸುಪಾಸಿನಲ್ಲಿ, ಮಾತಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕು. ಸ್ಟಾಕ್‌ಹೋಮಿನ ಒಂದು ಕೆಫೆಯಲ್ಲಿ 55 ಮತ್ತು 70 ಡೆಸಿಬೆಲ್‌ಗಳಲ್ಲಿ ಸಂಗೀತ ಹಾಕಿ ನೋಡಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸದ್ದು ಕಡಿಮೆಯಿದ್ದಾಗ ಜನ ಆರೋಗ್ಯಕರ ತಿನಿಸುಗಳನ್ನು ಹೆಚ್ಚಾಗಿ ಆರಿಸಿಕೊಂಡರು. ಮನಸ್ಸು ಉದ್ವೇಗಗೊಳ್ಳದೆ ನೆಮ್ಮದಿಯಾಗಿದ್ದಾಗ ಯೋಚಿಸಿ ಆರಿಸುತ್ತಾರೆಂಬುದು ಅವರ ವಿವರಣೆ. ಫ್ರಾನ್ಸಿನ ಬಾರುಗಳಲ್ಲಿ ಸಂಗೀತವನ್ನು 72ರಿಂದ 88 ಡೆಸಿಬೆಲ್‌ಗೆ ಏರಿಸಿದಾಗ ಜನ ಹೆಚ್ಚು ಕುಡಿದರು, ಬೇಗ ಬೇಗ ಕುಡಿದರು. ಬಾರ್ ನಡೆಸುವವರಿಗೆ ಇದು ಆಸೆ ಹುಟ್ಟಿಸುವ ಅಂಕಿ ಎಂಬುದನ್ನು ಬಲ್ಲೆ. ಕುಡಿದವರು ಗಾಡಿ ಹತ್ತಿ ಮನೆಗೆ ಹೋಗಬೇಕಾದ ಊರಿನಲ್ಲಿ ಆ ಆಸೆಗೆ ಬೀಳಬಾರದೆಂದು ನನ್ನ ಬಲವಾದ ಅಭಿಪ್ರಾಯ. ಅಲ್ಲದೆ 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರ ಕಿವಿ ವರ್ಷಗಳುರುಳಿದಂತೆ ಕೆಡುತ್ತದೆ.

ಅಳೆಯುವುದಕ್ಕೆ ಮೊಬೈಲಿನ ಡೆಸಿಬೆಲ್ ಆ್ಯಪ್ ಸಾಲುತ್ತದೆ. ಅದು ತೋರಿಸುವ ಅಂಕಿ ಪ್ರಯೋಗಾಲಯದಷ್ಟು ನಿಖರವಲ್ಲದಿದ್ದರೂ ಒಂದೇ ಮೊಬೈಲಿನಲ್ಲಿ ಅಳೆದ ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ಅಡ್ಡಿಯಿಲ್ಲ. ಕುಳಿತವರ ಕಿವಿಯ ಎತ್ತರದಲ್ಲಿ ಮೊಬೈಲು ಹಿಡಿದು ಐದಾರು ಟೇಬಲ್ಲುಗಳಲ್ಲಿ, ಒಮ್ಮೆ ಹಾಲ್ ಖಾಲಿಯಿದ್ದಾಗ, ಒಮ್ಮೆ ತುಂಬಿದ್ದಾಗ, ಒಮ್ಮೆ ಸಂಗೀತವನ್ನು ಪೂರ್ತಿ ನಿಲ್ಲಿಸಿ ಅಳೆದು ಬರೆದುಕೊಳ್ಳಿ. ಸಂಗೀತ ನಿಲ್ಲಿಸಿದಾಗಲೂ 68, 70 ಬರುತ್ತಿದ್ದರೆ ಆ ಹೊತ್ತಿನಲ್ಲಿ ಸಂಗೀತವೇ ಬೇಡ. ಮೊಬೈಲಿಲ್ಲದೆಯೂ ಒಂದು ಪರೀಕ್ಷೆಯಿದೆ: ಎದುರುಬದುರು ಕುಳಿತ ಇಬ್ಬರು ದನಿ ಏರಿಸದೆ, ಮುಂದಕ್ಕೆ ಬಾಗದೆ ಮಾತಾಡಲು ಆಗಬೇಕು. ಅದನ್ನು ನಿಮ್ಮ ಮನೆಯ ಹಿರಿಯರನ್ನು ಕೂರಿಸಿ ಮಾಡಿ.

ಒಂದು ದೊಡ್ಡ ಸ್ಪೀಕರಿನ ಬದಲು ಚಾವಣಿಯಲ್ಲಿ ನಾಲ್ಕಾರು ಚಿಕ್ಕವನ್ನು ಹಂಚಿ ಹಾಕುವುದು ಹೆಚ್ಚು ಖರ್ಚಿನದಾದರೂ ಅದೇ ಸರಿಯಾದ ದಾರಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳಿಂದ ಪ್ರತಿಫಲನವಾಗುವುದರಿಂದ ಇಳಿತ ಅಷ್ಟಿರುವುದಿಲ್ಲವಾದರೂ, ಮೂಲೆಯ ಟೇಬಲ್ಲಿಗೆ ಕೇಳಿಸಲೆಂದು ಒಂದೇ ಸ್ಪೀಕರನ್ನು ಏರಿಸಿದರೆ ಅದರ ಕೆಳಗೆ ಕುಳಿತವರಿಗೆ ಶಿಕ್ಷೆಯಾಗುತ್ತದೆ. ನಮ್ಮ ಹೋಟೆಲುಗಳ ಗ್ರಾನೈಟ್, ಟೈಲ್ಸ್, ಗಾಜು, ಸ್ಟೀಲು ಎಲ್ಲವೂ ಸದ್ದನ್ನು ಹಿಂದಕ್ಕೆಸೆಯುವ ವಸ್ತುಗಳು. ದಪ್ಪನೆಯ ಪರದೆ, ಬಿದಿರಿನ ತಟ್ಟಿ, ಚಾವಣಿಗೆ ಸದ್ದು ಹೀರುವ ಹಲಗೆ ಇವುಗಳಲ್ಲಿ ಯಾವುದಾದರೂ ಒಂದನ್ನು ಹಾಕಿಸಿದ ಮೇಲೆ ಸಂಗೀತವನ್ನು ಏರಿಸಬೇಕೆಂದು ಯಾರಿಗೂ ಅನಿಸುವುದಿಲ್ಲ.

ದರ್ಶಿನಿಗಳ ವಿಷಯ ಬೇರೆ. ನಿಂತು ತಿನ್ನುವ ಜಾಗದಲ್ಲಿ ಜನರನ್ನು ಚುರುಕಾಗಿಸುವ ಅಗತ್ಯವೇ ಇಲ್ಲ, ಮತ್ತು ‘ಎರಡು ಖಾಲಿ, ಒಂದು ಸೆಟ್’ ಎಂಬ ಕೂಗು ದೋಸೆ ಕಲ್ಲಿನವರೆಗೆ ಸ್ಪಷ್ಟವಾಗಿ ಮುಟ್ಟಬೇಕು. ಬೆಳಗಿನ ದೇವರ ಹಾಡು ಮುಗಿದ ಮೇಲೆ ಅಲ್ಲಿ ಸಂಗೀತವನ್ನು ನಿಲ್ಲಿಸುವುದೇ ಉತ್ತಮ. ಬ್ಯಾಂಕು, ದವಾಖಾನೆಯ ಕಾಯುವ ಕೋಣೆಗಳಲ್ಲೂ ಟೋಕನ್ ಸಂಖ್ಯೆ, ರೋಗಿಯ ಹೆಸರು ಕೇಳಿಸುವುದು ಮೊದಲು.

ಕೆಲಸದವರ ಕಿವಿ

ಗ್ರಾಹಕ ಮುಕ್ಕಾಲು ಗಂಟೆ ಕೇಳಿ ಹೋಗುತ್ತಾನೆ. ಸಪ್ಲೈಯರ್ ಹತ್ತು ಗಂಟೆ ಕೇಳುತ್ತಾನೆ. ಎರಡು ಗಂಟೆಯ ಪಟ್ಟಿಯಿದ್ದರೆ ಅವನು ಅದನ್ನು ದಿನಕ್ಕೆ ಐದು ಸಲ, ತಿಂಗಳಿಗೆ ನೂರೈವತ್ತು ಸಲದ ಹತ್ತಿರಹತ್ತಿರ ಕೇಳಿರುತ್ತಾನೆ. ಯಾವ ಇಂಪಾದ ಸಂಗೀತವೂ ಅಷ್ಟು ಸಲ ಇಂಪಾಗಿ ಉಳಿಯುವುದಿಲ್ಲ, ಬೇಸತ್ತವನ ಮುಖ ಗ್ರಾಹಕರಿಗೆ ಕಾಣಿಸದೆ ಇರುವುದಿಲ್ಲ. ಕನಿಷ್ಠ ಹದಿನೈದು ಇಪ್ಪತ್ತು ಗಂಟೆಗಳಷ್ಟು ಸಂಗ್ರಹ ಮಾಡಿಕೊಂಡು, ದಿನದಿಂದ ದಿನಕ್ಕೆ ಕ್ರಮ ಬದಲಿಸಿ, ತಿಂಗಳಿಗೊಮ್ಮೆ ಒಂದಷ್ಟನ್ನು ತೆಗೆದು ಒಂದಷ್ಟನ್ನು ಸೇರಿಸಬೇಕು. ಸೇರಿಸುವಾಗ ಕೆಲಸದವರನ್ನು ಕೇಳಬೇಕು. ಮಧ್ಯೆ ಮಧ್ಯೆ ಮೌನವನ್ನೂ ಇಡಬೇಕು. 1934ರಲ್ಲಿ ಮ್ಯೂಜಾಕ್ ಎಂಬ ಹೆಸರು ಪಡೆದು ಕಾರ್ಖಾನೆ, ಕಚೇರಿಗಳಿಗೆ ಹಿನ್ನೆಲೆ ಸಂಗೀತ ಮಾರಿದ ಅಮೆರಿಕದ ಕಂಪನಿ ಕೂಡ ಹದಿನೈದು ನಿಮಿಷ ಸಂಗೀತ, ಹದಿನೈದು ನಿಮಿಷ ಮೌನ ಎಂಬ ಪದ್ಧತಿಯನ್ನು ಇಟ್ಟುಕೊಂಡಿತ್ತು. ಗ್ರೈಂಡರ್ ನಿಂತು ಹಾಡೂ ನಿಂತ ಆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಹಾಲಿನಲ್ಲಿ ಲೋಟ ತಟ್ಟೆಗಳ ಸದ್ದು, ಜನರ ನಗು ಮಾತ್ರ ಕೇಳಿಸುತ್ತದೆ. ಅದೂ ಹೋಟೆಲಿನ ಸಂಗೀತವೇ.

ಕಾನೂನಿನ ಕಡೆ

ಸ್ವಂತಕ್ಕೆಂದು ತೆಗೆದುಕೊಂಡ ಆ್ಯಪ್ ಚಂದಾ ವ್ಯಾಪಾರದ ಜಾಗದಲ್ಲಿ ಹಾಡು ಹಾಕಲು ಅನುಮತಿಯಲ್ಲ. ಅವುಗಳ ಷರತ್ತಿನಲ್ಲೇ ಖಾಸಗಿ ಬಳಕೆಗೆ ಮಾತ್ರವೆಂದು ಬರೆದಿರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಕೇಳಿಸುವುದಕ್ಕೆ ಹಕ್ಕುದಾರರ ಪರವಾನಗಿ ಬೇಕು. ಒಂದು ಹಾಡಿನಲ್ಲಿ ಒಂದಕ್ಕಿಂತ ಹೆಚ್ಚು ಹಕ್ಕುಗಳಿರುತ್ತವೆ. ಧ್ವನಿಮುದ್ರಣದ ಹಕ್ಕು ಬಹಳಷ್ಟು ಸಂದರ್ಭಗಳಲ್ಲಿ ಕಂಪನಿಗಳದಾಗಿದ್ದು ಅವುಗಳಲ್ಲಿ ಅನೇಕ ಕಂಪನಿಗಳ ಪರವಾಗಿ ಪಿಪಿಎಲ್ (ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್) ಎಂಬ ಸಂಸ್ಥೆ ಪರವಾನಗಿ ಕೊಡುತ್ತದೆ, ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕುಗಳನ್ನು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ನೋಡಿಕೊಳ್ಳುತ್ತದೆ. ನೀವು ಹಾಕುವ ಹಾಡುಗಳು ಯಾರ ಬಳಿ ಇವೆಯೆಂದು ಮೊದಲು ವಿಚಾರಿಸಿ, ಬರೆಹದಲ್ಲಿ ಪರವಾನಗಿ ಪಡೆದು ಗಲ್ಲಾದ ಬಳಿ ಇಟ್ಟುಕೊಳ್ಳಿ. ದಾಸರ ಪದಗಳಿಗೆ ಯಾರ ಹಕ್ಕೂ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಪುರಂದರದಾಸರ ಸಾಹಿತ್ಯಕ್ಕೆ ಇಲ್ಲ, ನಿಜ. ಅದನ್ನು ಇತ್ತೀಚೆಗೆ ಹಾಡಿದವರ ಧ್ವನಿಮುದ್ರಣಕ್ಕೆ ಇದೆ, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಇದನ್ನು ದಂಡದ ಭಯದಿಂದಷ್ಟೇ ಪಾಲಿಸಬೇಕಾಗಿಲ್ಲ. ಹಾಡು ನಮ್ಮ ವ್ಯಾಪಾರಕ್ಕೆ ದುಡಿಯುತ್ತಿದ್ದರೆ ಅದನ್ನು ಮಾಡಿದವರಿಗೂ ಪಾಲು ಹೋಗಬೇಕು.

2000ದ ಶಬ್ದಮಾಲಿನ್ಯ ನಿಯಮಗಳು ಹೋಟೆಲುಗಳಿಗೂ ಅನ್ವಯಿಸುತ್ತವೆ. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಎಂದು ಪರಿಸರದ ಸದ್ದಿನ ಮಿತಿಯಿದೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಸುಪ್ರಭಾತವನ್ನು ಐದೂವರೆಗೆ ರಸ್ತೆಗೆ ಕೇಳುವಂತೆ ಹಾಕುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಪರೀಕ್ಷಿಸುವ ಬಗೆ

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಜೋರನ್ನು ಸರಿಪಡಿಸಿ ಎರಡು ವಾರ ಬಿಡಿ, ಆಮೇಲೆ ವೇಗವನ್ನು ಪರೀಕ್ಷಿಸಿ. ವೈನ್ ಪ್ರಯೋಗದವರು ಮಾಡಿದಂತೆ ದಿನ ಬಿಟ್ಟು ದಿನ ಬದಲಿಸುವುದು ಒಳ್ಳೆಯದು: ಈ ಸೋಮವಾರ ನಿಧಾನವಾದರೆ ಮಂಗಳವಾರ ಚುರುಕು, ಮುಂದಿನ ಸೋಮವಾರ ಚುರುಕಾದರೆ ಮಂಗಳವಾರ ನಿಧಾನ. ಹೀಗೆ ವಾರದ ಪ್ರತಿ ದಿನಕ್ಕೂ ಎರಡೂ ಬಗೆ ಸಮನಾಗಿ ಬರುವಂತೆ ಕನಿಷ್ಠ ನಾಲ್ಕು ವಾರ ನಡೆಸಿ. ಸಂಬಳದ ವಾರ, ಹಬ್ಬ, ಏಕಾದಶಿ, ಪಿತೃಪಕ್ಷ, ಜೋರು ಮಳೆ ಇವು ವ್ಯಾಪಾರವನ್ನು ಯಾವ ಹಾಡಿಗಿಂತಲೂ ಹೆಚ್ಚಾಗಿ ಅಲ್ಲಾಡಿಸುತ್ತವೆಯಾದ್ದರಿಂದ ಅಂಥ ದಿನಗಳ ಪಕ್ಕದಲ್ಲಿ ಗುರುತು ಹಾಕಿ ಲೆಕ್ಕದಿಂದ ಹೊರಗಿಡಿ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಂಗೀತದ ಬಗೆ, ಆಯ್ದ ನಾಲ್ಕು ಟೇಬಲ್ಲುಗಳಲ್ಲಿ ಜನ ಕುಳಿತ ಹೊತ್ತು ಮತ್ತು ಎದ್ದ ಹೊತ್ತು, ಟೇಬಲ್ಲಿಗೆ ಬಿಲ್ಲು, ಅದರಲ್ಲಿ ಊಟವಾದ ಮೇಲೆ ಹೇಳಿದ ಕಾಫಿ, ಜ್ಯೂಸ್, ಐಸ್ ಕ್ರೀಮ್ ಎಷ್ಟು ಎಂಬುದನ್ನು ಬರೆಯಿರಿ. ಯಾವ ದಿನ ಯಾವ ಸಂಗೀತ ಎಂಬುದರ ಉದ್ದೇಶವನ್ನು ಸಪ್ಲೈಯರುಗಳಿಗೆ ಮೊದಲೇ ಹೇಳಬೇಡಿ, ಏಕೆಂದರೆ ಚುರುಕು ದಿನವೆಂದು ಗೊತ್ತಾದರೆ ಅವರೇ ಬಿಲ್ಲನ್ನು ಬೇಗ ತಂದಿಡುತ್ತಾರೆ. ನಾಲ್ಕು ವಾರದ ನಂತರ ಎರಡು ಬಗೆಯ ದಿನಗಳ ಸರಾಸರಿಯನ್ನು ಹೋಲಿಸಿದಾಗ ಸಿಗುವ ವ್ಯತ್ಯಾಸ, ಈ ಬುಧವಾರಕ್ಕೂ ಆ ಬುಧವಾರಕ್ಕೂ ತಾನಾಗಿಯೇ ಇರುವ ವ್ಯತ್ಯಾಸಕ್ಕಿಂತ ಚಿಕ್ಕದಾಗಿದ್ದರೆ, ನಿಮ್ಮ ಜಾಗದಲ್ಲಿ ವೇಗ ಅಷ್ಟು ಮುಖ್ಯವಲ್ಲವೆಂದು ತಿಳಿದು ಕೆಲಸದವರಿಗೆ ಹಿತವಾದದ್ದನ್ನೇ ಉಳಿಸಿಕೊಳ್ಳಿ.

ನಮ್ಮ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಇದೆ. ‘ಹಾಡು ಕಡಿಮೆ ಮಾಡಿ’ ಎಂದು ಆ ದಿನ ಎಷ್ಟು ಜನ ಕೇಳಿದರು ಎಂಬುದನ್ನು ಅದರಲ್ಲಿ ಬರೆಯುತ್ತೇವೆ. ಒಬ್ಬರು ಕೇಳಿದರೂ ಆ ಕ್ಷಣವೇ ಇಳಿಸುತ್ತೇವೆ, ಮತ್ತೆ ಏರಿಸುವುದಿಲ್ಲ.